ನೂರಾ ಎಂಬತ್ತು ವ್ಯಾಟ್

ಸೀರಿ ಸೆರಗಿಗೆ ಗೊಂಡೆ ಕಟ್ಟಿ ಕೂಡಿಸಿದ್ದು
ಮೂವತ್ತೊಂಬತ್ತು ಸಾವಿರದ ಆರುನೂರು.
ಎರಡು ವರ್ಷ. ಎಷ್ಟು ಸೆರಗು ಅಂತ ನಾ ಲೆಕ್ಕ ಇಟ್ಟಿಲ್ಲ,
ಬೆರಳು ಇಟ್ಟಾವ.

ಪಟ್ಟಿ ಮಾತ್ರ ನೋಟಬುಕ್ಕಿನ ಕಡೀ ಹಾಳ್ಯಾಗ,
ಬರದು, ಹೊಡದು, ಮತ್ತ ಬರದು.
ಪ್ರೊಸೆಸರ್ ಆರು ಕೋರಿನದು, ಹೋದ ಸಾಲಿನದಾದರೂ ನಡೀತೈತಿ.
ರ್ಯಾಮ್ ಹದಿನಾರು, ಎಂಟೆಂಟರ ಜೋಡಿ.
ಬಣ್ಣದ ದೀಪ ಮಿಣುಗುವ ಕ್ಯಾಬಿನೆಟ್ಟಿನ ಮ್ಯಾಲ ಗೆರಿ.
ಗಾಜಿನ ಬಾಗಿಲಿನ ಮ್ಯಾಲ ಎರಡು ಗೆರಿ.
ತಗಡಿನ ಡಬ್ಬಿ ಇರಲಿ, ಒಳಗ ಗಾಳಿ ಆಡಿದರ ಆತು;
ನಮ್ಮ ಮನ್ಯಾಗಿನ ನೂಲಿನ ಧೂಳು
ಗಾಜನ್ನ ಎರಡು ದಿನ ಗಾಜಾಗಿ ಇರಗೊಡೂದಿಲ್ಲ.

ಬೆಳಗಾವಿಗೆ ಹೋದೆ, ಮುಂಜಾನಿ ಮೊದಲ ಬಸ್ಸಿಗೆ.
ಖಡೇ ಬಜಾರದ ಹಿಂದಿನ ಗಲ್ಲ್ಯಾಗ ಪಾರೀಸಣ್ಣನ ಅಂಗಡಿ,
ಏಣಿಯಂಥಾ ಮೆಟ್ಟಿಲು.
‘ಆಡೂದು ಒಂದು ಕೆಲಸ, ತಂಗಿ,
ಆಡೂದನ್ನ ಆಗಿಂದಾಗ ಮಂದಿಗೆ ಕಳಸೂದು ಇನ್ನೊಂದು.
ಎರಡನ್ನೂ ಒಂದಽ ಹೆಗಲಿಗೆ ಹೊರಿಸಿದರ ಪ್ರೊಸೆಸರ್ ಕುಂತಬಿಡತೈತಿ,’
ಅನಕೋತ ಹಳೇ ಕಾರ್ಡೊಂದು ತಗದಿಟ್ಟ.
ಜೋಡಿ ಫ್ಯಾನು, ದಪ್ಪ ಬೆನ್ನು, ಹದಿನಾಕು ಸಾವಿರ.
ತೋರಿಸಿದ: ಅದರಾಗ ನೀರು ನೀರಿನಂಗ ಹರೀತಿತ್ತು,
ಎಲಿಯ ನೆರಳಿಗೂ ಅಂಚಿತ್ತು.
ಕೈಯಾಗ ಹಿಡಕೊಂಡು ಬಾಳ ಹೊತ್ತು ನಿಂತೆ,
ಮಂದಿ ಕೂಸನ್ನ ಎತ್ತಿಕೊಂಡಂಗ.

ಆದರ ದಸ್ತಗೀರ ಮೊದಲಽ ಅಂದಿದ್ದ.
ರಬಕವಿಯ ನಮ್ಮ ಓಣ್ಯಾಗ ಯಾರ ಮಗ್ಗ ಕೆಟ್ಟರೂ
ಪಾನಾ ಹಿಡಕೊಂಡು ಬರಾಂವ ಅವನ.
‘ಎಂಥಾ ಮೈಕ್ ಬೇಕಾದ್ದು ತಗೋ ಅಕ್ಕಾ,
ಮೊದಲು ಒಳಗ ಹೋಗೂದು ಮಗ್ಗ, ಆಮ್ಯಾಲ ನೀ.’
ಖರೇನಽ. ಗ್ವಾಡಿಗೆ ಗ್ವಾಡಿ, ಮನಿಗೆ ಎರಡು ಮಗ್ಗ,
ಹಗಲು ರಾತ್ರಿ ಖಟಾಖಟ್ ಖಟಾಖಟ್.
ನಾವು ಮಾತಾಡೂದಽ ಒದರಿ.
ಸದ್ದು ನಿಲ್ಲೂದು ಕರೆಂಟ್ ಹೋದಾಗ.
ಕರೆಂಟ್ ಹೋದರ ಕಂಪ್ಯೂಟರೂ ಹೋತು.

ಹಂಗಾಗಿ ಯುಪಿಎಸ್. ಅದಕ್ಕ ಒಂದು ಲೆಕ್ಕ:
ಎಷ್ಟು ಕಡಿಮಿ ಕುಡೀತೀವೋ ಅಷ್ಟು ಹೊತ್ತು ಬದುಕತೀವಿ.
ದಪ್ಪ ಬೆನ್ನಿನ ಕಾರ್ಡ್ ಹಾಕಿದರ ಹತ್ತು ನಿಮಿಷ.
ಮೂಲ್ಯಾಗ ಕುಂತಿತ್ತಲ್ಲ ಒಂಟಿ ಫ್ಯಾನಿನ ಗಿಡ್ಡ ಕಾರ್ಡು,
ಬ್ಯಾರೆ ವಾಯರ್ ಸೈತ ಕೇಳದ್ದು,
ಅದನ್ನ ಹಾಕಿದರ ಸ್ಕ್ರೀನು, ರೌಟರು ಹಿಡದು
ನೂರಾ ಎಂಬತ್ತು ವ್ಯಾಟ್. ಅರ್ಧ ತಾಸು.
‘ಚಿತ್ರ ಅಷ್ಟು ಚಂದ ಬರೂದಿಲ್ಲ ನೋಡು,’ ಅಂದ ಪಾರೀಸಣ್ಣ.
ಚಿತ್ರ ಬ್ಯಾಡ, ಹೊತ್ತು ಬೇಕು, ಅಂದೆ.
ಅಂವ ನನ್ನನ್ನ ನೋಡಿ, ನೂರು ರೂಪಾಯಿ ಬಿಟ್ಟ.

ಮಂಗಳವಾರ ಸಂಜೀಕ ಏಳಕ್ಕ ಹೋತು ನೋಡು ಕರೆಂಟ್.
ಇಡೀ ಓಣಿ ಒಮ್ಮಿಗೇ ಬಾಯಿ ಮುಚ್ಚಿತು.
ಎಲ್ಲೋ ಒಂದು ಹಲ್ಲಿ. ಎಲ್ಲೋ ಯಾರೋ ಕೆಮ್ಮಿದರು.
ಯುಪಿಎಸ್ ಕುಂಯ್ ಅಂತು, ಹಿಡೀತು.
ಹನ್ನೆರಡು ಮಂದಿ ನೋಡಾಕತ್ತಿದ್ದರು.
ಮೈಕಿನಾಗ ‘ನಮಸ್ಕಾರ್ರೀ’ ಅಂದೆ,
ನನ್ನ ದನಿ ಇಷ್ಟು ಸಣ್ಣದೈತಿ ಅಂತ ನನಗಽ ಗೊತ್ತಿರಲಿಲ್ಲ.

ಕೈಗೆ ಕೆಲಸಿಲ್ಲದ ಅಪ್ಪ ಬೆಳಕು ಕಂಡು ಬಂದ,
ಕುರ್ಚಿ ಹಿಂದ ನಿಂತ.
ನಾ ಕ್ವಾಟಿ ಹತ್ತಾಕತ್ತಿದ್ದೆ. ಬಾಣ ಬರಾಕತ್ತಿದ್ದವು.
ಅಂವ ನೋಡಿದ್ದು ಬುರುಜಿನ ಮ್ಯಾಲಿನ ನಿಶಾನಿ.
‘ಅದೆಂಥಾ ಬಟ್ಟಿವ್ವಾ?
ಇಷ್ಟು ಗಾಳಿಗೂ ಹಂಗಽ ಸೆಟದ ನಿಂತೈತಿ. ಗಂಜಿ ಜಾಸ್ತಿ ಆಗೇತಿ.’

ನಾ ಇಳಿಸಿಟ್ಟ ಸೆಟ್ಟಿಂಗು ಅದು. ಹೇಳಿದೆ:
ಆ ಬಟ್ಟಿ ಅಲಗ್ಯಾಡಬೇಕಂದ್ರ ದೊಡ್ಡ ಕಾರ್ಡು, ಹದಿನಾಕು ಸಾವಿರ.

‘ಗಂಜಿ ತಗ್ಯಾಕ ಹದಿನಾಕು ಸಾವಿರ!’
ಅಪ್ಪ ನಕ್ಕದ್ದು ಹನ್ನೆರಡೂ ಮಂದಿಗೆ ಕೇಳಿತು.
ಒಬ್ಬಾಂವ ಬರದ: ಯಾರಿವರು, ಇವರನ್ನ ಮಾತಾಡಸ್ರಿ.
ಓದಿ ಹೇಳಾಕ ಹೊಳ್ಳಿ ನೋಡೂದರಾಗ
ಕರೆಂಟ್ ಬಂದಿತ್ತು,
ಅಪ್ಪ ಒಳಗ ಹೋಗಿದ್ದ,
ಮೈಕಿನ ತುಂಬ ಖಟಾಖಟ್.